ಈ ಗ್ರಾನೈಟ್ ಯಾವ ಕಲ್ಲಿನ ಮಗು? ರಸಾಯನ ನೋಡಿ ಮೂಲ ಹುಡುಕೋ ಸಮಗ್ರ ಮಾರ್ಗದರ್ಶಿ

ನದಿ ಮೂಲ ಋಷಿ ಮೂಲ ಕೆದಕಬಾರದು ಅಂತಾರೆ, ಆದ್ರೆ ಗ್ರಾನೈಟಿನ ಮೂಲ ಕೆದಕ್ಲೇಬೇಕು, ಇಲ್ಲಾಂದ್ರೆ ಆ ಕಲ್ಲೊಳಗಿರೋ ಕಥೇಲಿ ಮುಕ್ಕಾಲು ಪಾಲು ಹಾಗೇ ಉಳ್ದುಹೋಗತ್ತೆ. ನೋಡೋಕೆ ಒಂದೇ ಥರ ಇರೋ ಎರಡು ಬೂದು ಗ್ರಾನೈಟ್ ತುಂಡು ಪಕ್ಕಪಕ್ಕ ಇಟ್ಕೊಳ್ಳಿ. ಒಂದು, ಯಾವುದೋ ಹಳೇ ಸಮುದ್ರದ ತಳದ ಜೇಡಿಮಣ್ಣು ಆಳಕ್ಕೆ ಹೂತುಹೋಗಿ ಅಲ್ಲಿ ಕಾದು ಕರಗಿ ಆಗಿದ್ದಿರಬಹುದು. ಇನ್ನೊಂದು, ಯಾವತ್ತೂ ಮಳೆ ಗಾಳಿ ಕಾಣದ ಅಗ್ನಿಶಿಲೆ ಭೂಮಿಯೊಳಗೇ ಎರಡನೇ ಸಲ ಕರಗಿ ಆಗಿದ್ದಿರಬಹುದು. ಬಣ್ಣದಲ್ಲಿ ಇದು ಗೊತ್ತಾಗಲ್ಲ, ರಸಾಯನದಲ್ಲಿ ಗೊತ್ತಾಗತ್ತೆ, ಆದ್ರೆ ಸರಿಯಾದ ಕ್ರಮದಲ್ಲಿ ಕೇಳ್ಬೇಕು.

ತುಂಬಾ ಜನ ಮಾಡೋದೇನು ಅಂದ್ರೆ, ಲ್ಯಾಬಿಂದ ರಿಪೋರ್ಟ್ ಬಂದ ತಕ್ಷಣ ನಂಬರೆಲ್ಲ ಸಾಫ್ಟ್‌ವೇರ್‌ಗೆ ಹಾಕಿ ಡಯಾಗ್ರಾಂ ತೆಗೆದು, ಚುಕ್ಕಿ ಯಾವ ಖಾನೇಲಿ ಬಿತ್ತೋ ಆ ಹೆಸರು ಬರೆದುಬಿಡ್ತಾರೆ. ನಾನು ಹೇಳೋ ದಾರಿ ಇದಕ್ಕೆ ಉಲ್ಟಾ: ಮೊದ್ಲು ಬಂಡೆ, ಆಮೇಲೆ ಖನಿಜ, ಆಮೇಲೆ ನಂಬರು, ಡಯಾಗ್ರಾಂ ಕೊನೇಗೆ. ಗ್ರಾನೈಟಿನ ರಸಾಯನ ಎಲ್ಲಕ್ಕಿಂತ ಜೋರಾಗಿ ಹೇಳೋದು ಕರಗಿದ್ದು ಯಾವ ಕಲ್ಲು ಅನ್ನೋದನ್ನ, ಸ್ವಲ್ಪ ಮೆಲ್ಲಗೆ ಹೇಳೋದು ಕರಗಿದ ಮೇಲೆ ಏನೇನಾಯ್ತು ಅನ್ನೋದನ್ನ, ತೀರಾ ಪಿಸುಮಾತಲ್ಲಿ ಹೇಳೋದು ಆಗ ಅಲ್ಲಿ ಭೂಮಿಯ ಹೊರಚಿಪ್ಪಿನ ಪ್ಲೇಟುಗಳು ಏನ್ ಮಾಡ್ತಿದ್ವು ಅನ್ನೋದನ್ನ. ಈ ಮೂರನ್ನೂ ಕಲಸಿಬಿಟ್ರೆ ಆಮೇಲೆ ಬಿಡಿಸೋಕಾಗಲ್ಲ.

ಶುರು ಮಾಡೋ ಮುಂಚೆ: ಗ್ರಾನೈಟ್ ಅಂದ್ರೆ ಯಾವುದು

ಬೆಳ್ಳಗಿರೋದೆಲ್ಲ ಹಾಲಲ್ಲ, ಪಾಲಿಶ್ ಮಾಡಿ ಮಾರೋದೆಲ್ಲ ಗ್ರಾನೈಟ್ ಅಲ್ಲ. ಬ್ಲ್ಯಾಕ್ ಗ್ರಾನೈಟ್ ಅಂತ ಮಾರ್ಕೆಟಲ್ಲಿ ಕರೆಯೋದು ಸಾಮಾನ್ಯವಾಗಿ ಡೋಲರೈಟ್ ಇಲ್ಲಾ ಗ್ಯಾಬ್ರೋ ಅನ್ನೋ ಕಪ್ಪು ಅಗ್ನಿಶಿಲೆ, ಅದ್ರಲ್ಲಿ ಕ್ವಾರ್ಟ್ಜ್ ಇದ್ರೂ ಅಷ್ಟಿಷ್ಟು. ಭೂವಿಜ್ಞಾನದ ಲೆಕ್ಕ ಬೇರೆ: ಕಲ್ಲಲ್ಲಿರೋ ಕ್ವಾರ್ಟ್ಜ್, ಆಲ್ಕಲಿ ಫೆಲ್ಡ್‌ಸ್ಪಾರ್ (ಪೊಟ್ಯಾಸಿಯಂ ಸೋಡಿಯಂ ಇರೋ ಫೆಲ್ಡ್‌ಸ್ಪಾರ್ ಖನಿಜ), ಪ್ಲೇಜಿಯೋಕ್ಲೇಸ್ (ಸೋಡಿಯಂ ಕ್ಯಾಲ್ಸಿಯಂ ಇರೋ ಫೆಲ್ಡ್‌ಸ್ಪಾರ್) ಈ ಮೂರನ್ನ ಮಾತ್ರ ಕೂಡಿಸಿ 100 ಅಂತ ಮಾಡ್ಕೊಂಡಾಗ ಕ್ವಾರ್ಟ್ಜ್ 20ರಿಂದ 60ರೊಳಗೆ ಇರ್ಬೇಕು, ಒಟ್ಟು ಫೆಲ್ಡ್‌ಸ್ಪಾರಲ್ಲಿ ಪ್ಲೇಜಿಯೋಕ್ಲೇಸ್ ಪಾಲು ಶೇಕಡಾ 10ರಿಂದ 65 ಇರ್ಬೇಕು, ಆಗ ಅದು ಗ್ರಾನೈಟ್. ಆ ಪಾಲು 65ರಿಂದ 90 ಆದ್ರೆ ಗ್ರಾನೋಡಯೋರೈಟ್, 90 ದಾಟಿದ್ರೆ ಟೋನಲೈಟ್, 10ಕ್ಕಿಂತ ಕಮ್ಮಿ ಇದ್ರೆ ಆಲ್ಕಲಿ ಫೆಲ್ಡ್‌ಸ್ಪಾರ್ ಗ್ರಾನೈಟ್. ಸ್ಟ್ರೆಕೈಸನ್ ಮುಂದಾಳತ್ವದಲ್ಲಿ ಬಂದ ವರ್ಗೀಕರಣ ಇದು, 1970ರ ದಶಕದಿಂದ ಇದೇ ನಡೀತಿದೆ. ಇದು ಬರೀ ಹೆಸರು, ಮೂಲದ ಬಗ್ಗೆ ಒಂದಕ್ಷರನೂ ಹೇಳಲ್ಲ. ಮುಂದೆ ನಾನು ಗ್ರಾನೈಟ್ ಅಂದಾಗೆಲ್ಲ ಈ ನಾಲ್ಕೂ ಸೇರಿದ ಕುಟುಂಬ ಅಂತ ತಗೊಳ್ಳಿ.

ಕಲ್ಲು ಕರಗೋದು ಹೇಗೆ

ಇದು ಗೊತ್ತಿಲ್ದೆ ನಂಬರ್ ನೋಡೋಕೆ ಹೋಗ್ಬೇಡಿ. ಗ್ರಾನೈಟ್ ಬಿಸಿ ದ್ರವದಿಂದ ಆಗಿದ್ದು ಅನ್ನೋದೇ ಒಂದು ಕಾಲದಲ್ಲಿ ದೊಡ್ಡ ಜಗಳ, ಆದಿ ಸಮುದ್ರದ ನೀರಿಂದ ಹರಳುಗಟ್ಟಿ ತಳಕ್ಕಿಳಿದ ಕಲ್ಲು ಅಂತ ಜರ್ಮನಿಯ ಭೂವಿಜ್ಞಾನಿ ವರ್ನರ್ ಕಡೆಯವರು ವಾದ ಮಾಡ್ತಿದ್ರು. 1785ರಲ್ಲಿ ಜೇಮ್ಸ್ ಹಟನ್ ಸ್ಕಾಟ್ಲೆಂಡಿನ ಗ್ಲೆನ್ ಟಿಲ್ಟ್ ಕಣಿವೇಲಿ ಗ್ರಾನೈಟಿನ ಎಳೆಗಳು ಪಕ್ಕದ ಪದರಶಿಲೆ ಸೀಳ್ಕೊಂಡು ಒಳಗೆ ನುಗ್ಗಿರೋದನ್ನ ನೋಡಿದ್ರು, ನುಗ್ಗಬೇಕಾದ್ರೆ ಅದು ದ್ರವ ಆಗಿರ್ಬೇಕು, ಪಕ್ಕದ ಕಲ್ಲಿಗಿಂತ ಆಮೇಲೆ ಬಂದಿರ್ಬೇಕು, ಬೇರೆ ದಾರಿ ಇಲ್ಲ. ಆಮೇಲೆ 1958ರಲ್ಲಿ ಟಟ್ಲ್ ಮತ್ತೆ ಬೋವೆನ್ ತಮ್ಮ ಪ್ರಯೋಗಗಳನ್ನ ಪ್ರಕಟಿಸಿದ್ರು. ಕ್ವಾರ್ಟ್ಜ್ ಮತ್ತೆ ಎರಡು ಥರದ ಆಲ್ಕಲಿ ಫೆಲ್ಡ್‌ಸ್ಪಾರಿನ ಅಂಶಗಳನ್ನ ನೀರಿನ ಜೊತೆ ಒತ್ತಡದಲ್ಲಿ ಕಾಯಿಸಿದ್ರೆ ಎಲ್ಲಕ್ಕಿಂತ ಕಮ್ಮಿ ಬಿಸೀಲಿ ಕರಗೋ ಮಿಶ್ರಣ ಯಾವುದೋ, ಪ್ರಕೃತೀಲಿ ಸಿಗೋ ಗ್ರಾನೈಟುಗಳೆಲ್ಲ ಅದರ ಸುತ್ತಾನೇ ಗುಂಪು ಕಟ್ಕೊಂಡಿವೆ ಅಂತ ಅಲ್ಲಿ ಗೊತ್ತಾಯ್ತು. ನೀರು ಸಾಕಷ್ಟಿದ್ರೆ 1 ಕಿಲೋಬಾರ್ (ಗಾಳಿಯ ಒತ್ತಡದ ಸುಮಾರು ಸಾವಿರ ಪಟ್ಟು) ಒತ್ತಡದಲ್ಲಿ ಸುಮಾರು 720 ಡಿಗ್ರಿ ಸೆಲ್ಸಿಯಸ್‌ಗೆ ಕರಗೋಕೆ ಶುರುವಾಗತ್ತೆ, 5 ಕಿಲೋಬಾರ್‌ಗೆ ಹೋದ್ರೆ ಸುಮಾರು 650ಕ್ಕೇ.

ಆದ್ರೆ ಆಳದ ಕಲ್ಲಲ್ಲಿ ನೀರು ಹಾಗೆ ಹರಿದಾಡ್ತಿರಲ್ಲ, ಖನಿಜದ ಹರಳೊಳಗೆ ಕಟ್ಟಿಹಾಕಿದ ಹಾಗಿರತ್ತೆ. ಬಿಸಿ ಏರ್ತಾ ಹೋದ ಹಾಗೆ ಮೊದ್ಲು ಬಿಳೀ ಕಾಗೆಬಂಗಾರ, ಅಂದ್ರೆ ಮಸ್ಕೋವೈಟ್, ಒಡೆದು ತನ್ನ ನೀರನ್ನ ಕೊಡತ್ತೆ, ಸುಮಾರು 650ರಿಂದ 750 ಡಿಗ್ರೀಲಿ. ಆಮೇಲೆ ಕಪ್ಪು ಕಾಗೆಬಂಗಾರ ಬಯೋಟೈಟ್, ಹೆಚ್ಚುಕಮ್ಮಿ 800 ದಾಟಿದ್ಮೇಲೆ. ಹಾರ್ನ್‌ಬ್ಲೆಂಡ್ ಅನ್ನೋ ಕಪ್ಪು ಖನಿಜ ಇನ್ನೂ ಹಠಮಾರಿ, 850 900ರ ಆಚೆ. ಹಾಗಾಗಿ ಯಾವ ಕಲ್ಲು ಎಷ್ಟು ಬಿಸಿಗೆ ಎಷ್ಟು ಕರಗತ್ತೆ ಅನ್ನೋದು ಅದ್ರಲ್ಲಿ ಯಾವ ಕಾಗೆಬಂಗಾರ ಎಷ್ಟಿದೆ ಅನ್ನೋದ್ರ ಮೇಲೆ ನಿಂತಿದೆ.

ಈಗ ಮುಖ್ಯ ವಿಷಯ, ಇದೊಂದು ತಲೇಲಿ ಕೂತ್ರೆ ಉಳಿದಿದ್ದೆಲ್ಲ ಸಲೀಸು. ಬಂಡೆ ಮಳೆ ಬಿಸಿಲಿಗೆ ಸಿಕ್ಕಿ ಮಣ್ಣಾಗುವಾಗ ಕ್ಯಾಲ್ಸಿಯಂ ಮತ್ತೆ ಸೋಡಿಯಂ ನೀರಲ್ಲಿ ಕರಗಿ ಸಮುದ್ರಕ್ಕೆ ಹೋಗಿಬಿಡ್ತವೆ, ಅಲ್ಯೂಮಿನಿಯಂ ಕದಲಲ್ಲ, ಜೇಡಿಮಣ್ಣಲ್ಲೇ ಉಳಿಯತ್ತೆ, ಪೊಟ್ಯಾಸಿಯಂ ಕೂಡ ಬಹುಪಾಲು ಜೇಡಿಗೆ ಅಂಟ್ಕೊಂಡಿರತ್ತೆ. ಆ ಮಣ್ಣು ಹೂತು ಕರಗಿ ಗ್ರಾನೈಟ್ ಆದ್ರೆ ಆ ಗ್ರಾನೈಟಲ್ಲೂ ಅಲ್ಯೂಮಿನಾ (ಅಲ್ಯೂಮಿನಿಯಂ ಆಕ್ಸೈಡ್) ಜಾಸ್ತಿ, ಕ್ಯಾಲ್ಸಿಯಂ ಸೋಡಿಯಂ ಕಮ್ಮಿ. ತಾಯಿಯಂತೆ ಮಗಳು ಅನ್ನೋ ಹಾಗೆ. 1974ರಲ್ಲಿ ಬ್ರೂಸ್ ಚಾಪೆಲ್ ಮತ್ತೆ ಆಲನ್ ವೈಟ್ ಆಗ್ನೇಯ ಆಸ್ಟ್ರೇಲಿಯಾದ ಲಾಕ್ಲನ್ ಪಟ್ಟೀಲಿ ಇಂಥ ಗ್ರಾನೈಟುಗಳನ್ನ ಎಸ್-ಟೈಪ್ ಅಂತ ಕರೆದ್ರು, ಎಸ್ ಅಂದ್ರೆ ಸೆಡಿಮೆಂಟರಿ, ಮಣ್ಣಿನ ಮೂಲ. ಮಣ್ಣಾಗೋ ಅನುಭವವೇ ಇಲ್ಲದ ಅಗ್ನಿಶಿಲೆ ಕರಗಿ ಆದದ್ದು ಐ-ಟೈಪ್, ಐ ಅಂದ್ರೆ ಇಗ್ನಿಯಸ್. 1979ರಲ್ಲಿ ಲೊಯ್ಸೆಲ್ ಮತ್ತೆ ವೋನ್ಸ್ ಎ-ಟೈಪ್ ಸೇರಿಸಿದ್ರು, ಪರ್ವತ ಕಟ್ಟೋ ಗಲಾಟೆಗೆ ಸಂಬಂಧ ಇಲ್ಲದ, ಆಲ್ಕಲಿ ಜಾಸ್ತಿ ಇರೋ, ಒಣ, ಬಿಸಿ ಗ್ರಾನೈಟುಗಳು. ಭೂಮಿಯ ಹೊರಚಿಪ್ಪಿನ ಕೆಳಗಿರೋ ಮ್ಯಾಂಟಲಿನ ಮ್ಯಾಗ್ಮಾದಿಂದ (ಕರಗಿದ ಕಲ್ಲಿಂದ) ನೇರವಾಗಿ ಬರೋ ಎಂ-ಟೈಪ್ ಅಂತಾನೂ ಒಂದಿದೆ, ಅದು ಸಿಗೋದು ಅಪರೂಪ.

ಹೆಜ್ಜೆ 1: ಬಂಡೆ ಹತ್ರ ಕೂತ್ಕೊಳ್ಳಿ

ಸುತ್ತಿಗೆ ಎತ್ತೋ ಮುಂಚೆ ಒಂದು ಗಂಟೆ ಸುಮ್ನೆ ನೋಡಿ. ಮೊದ್ಲು ಹುಡುಕಬೇಕಾಗಿರೋದು ಗ್ರಾನೈಟೊಳಗೆ ಸಿಕ್ಕಾಕೊಂಡಿರೋ ಬೇರೆ ಕಲ್ಲಿನ ಉಂಡೆಗಳನ್ನ. ಕಪ್ಪಗೆ, ಸಣ್ಣ ಹರಳಿನ, ಮೊಟ್ಟೆ ಆಕಾರದ ಉಂಡೆಗಳಿದ್ದು ಅವುಗಳ ಅಂಚು ಮೆತ್ತಗೆ ಹರಡಿಕೊಂಡಂತೆ ಇದ್ರೆ ಬಿಸಿ ಬಸಾಲ್ಟಿನಂಥ ಮ್ಯಾಗ್ಮಾ ಇನ್ನೂ ದ್ರವವಾಗಿದ್ದ ಗ್ರಾನೈಟಿಗೆ ಬಂದು ಸೇರಿದೆ ಅಂತ, ಐ-ಟೈಪಲ್ಲಿ ಇದು ಮಾಮೂಲು. ಅದೇ ಬದ್ಲಿಗೆ ಪದರಪದರವಾಗಿರೋ, ಕಾಗೆಬಂಗಾರ ತುಂಬಿ ಮಿಂಚೋ, ಸಿಲಿಮನೈಟ್ ಅನ್ನೋ ಅಲ್ಯೂಮಿನಿಯಂ ತುಂಬಿದ ಖನಿಜ ಇರೋ ಚೂರುಗಳಿದ್ರೆ ಅವು ಕರಗದೇ ಉಳಿದ ಮಣ್ಣಿನ ಕಲ್ಲಿನ ಅವಶೇಷ, ಎಸ್ ಕಡೆ ಯೋಚ್ನೆ ಮಾಡಿ. ಪಿಂಕ್ ಫೆಲ್ಡ್‌ಸ್ಪಾರಿನ ದುಂಡು ಉಂಡೆಗೆ ಸುತ್ತಲೂ ಬಿಳೀ ಪ್ಲೇಜಿಯೋಕ್ಲೇಸ್ ಉಂಗುರ ಇದ್ರೆ ಅದು ರಾಪಕಿವಿ, ಫಿನ್ಲೆಂಡಿನ ವೀಬೊರ್ಗ್ ಗ್ರಾನೈಟ್ ಇದಕ್ಕೆ ಹೆಸರುವಾಸಿ, ಸುಮಾರು 160 ಕೋಟಿ ವರ್ಷ ಹಳೇದು, ಎ-ಟೈಪ್.

ಕಲ್ಲು ಅಯಸ್ಕಾಂತಕ್ಕೆ ಎಷ್ಟು ಸ್ಪಂದಿಸತ್ತೆ ಅಂತ ಅಳೆಯೋ, ಕೈಲಿ ಹಿಡಿಯೋ ಮ್ಯಾಗ್ನೆಟಿಕ್ ಸಸೆಪ್ಟಿಬಿಲಿಟಿ ಮೀಟರ್ ಸಿಕ್ಕಿದ್ರೆ ಖಂಡಿತ ತಗೊಂಡು ಹೋಗಿ. 1977ರಲ್ಲಿ ಜಪಾನಿನ ಇಶಿಹಾರಾ ಗ್ರಾನೈಟುಗಳನ್ನ ಮ್ಯಾಗ್ನೆಟೈಟ್ (ಅಯಸ್ಕಾಂತಕ್ಕೆ ಅಂಟೋ ಕಬ್ಬಿಣದ ಆಕ್ಸೈಡ್) ಇರೋವು, ಬರೀ ಇಲ್ಮನೈಟ್ (ಕಬ್ಬಿಣ ಟೈಟಾನಿಯಂ ಆಕ್ಸೈಡ್) ಇರೋವು ಅಂತ ಎರಡು ಸರಣಿ ಮಾಡಿದ್ರು, ಎಸ್‌ಐ ಘಟಕದಲ್ಲಿ ಸುಮಾರು 0.003 ಅನ್ನೋದು ಗಡಿ, ಅದಕ್ಕಿಂತ ಮೇಲಿದ್ರೆ ಮ್ಯಾಗ್ನೆಟೈಟ್ ಸರಣಿ. ಮ್ಯಾಗ್ಮಾದಲ್ಲಿ ಆಕ್ಸಿಜನ್ ಎಷ್ಟು ಧಾರಾಳವಾಗಿತ್ತು ಅನ್ನೋದು ಇದ್ರಿಂದ ಗೊತ್ತಾಗತ್ತೆ, ಧಾರಾಳವಾಗಿದ್ರೆ ಮ್ಯಾಗ್ನೆಟೈಟ್. ಹೂತುಹೋದ ಮಣ್ಣಲ್ಲಿ ಇಂಗಾಲ ಇರೋದ್ರಿಂದ ಅದು ಆಕ್ಸಿಜನ್ ತಿಂದ್ಹಾಕತ್ತೆ, ಅದಕ್ಕೇ ಎಸ್-ಟೈಪುಗಳು ಹೆಚ್ಚುಕಮ್ಮಿ ಎಲ್ಲಾ ಇಲ್ಮನೈಟ್ ಸರಣಿ. ಆದ್ರೆ ಐ-ಟೈಪುಗಳು ಎರಡರಲ್ಲೂ ಇವೆ, ಹಾಗಾಗಿ ಈ ಮೀಟರ್ ಒಂದನ್ನೇ ನಂಬಿ ತೀರ್ಪು ಕೊಡೋ ಹಾಗಿಲ್ಲ. ಅದಿರು ಹುಡುಕೋರಿಗಂತೂ ಇದು ಬಹಳ ಮುಖ್ಯ, ತವರ ಇಲ್ಮನೈಟ್ ಸರಣಿ ಜೊತೆ ಬರತ್ತೆ, ಮಾಲಿಬ್ಡಿನಂ ಮ್ಯಾಗ್ನೆಟೈಟ್ ಸರಣಿ ಜೊತೆ.

ಹೆಜ್ಜೆ 2: ತೆಳು ಸೆಕ್ಷನ್ ಮಾಡಿಸಿ, ಸೂಕ್ಷ್ಮದರ್ಶಕದಲ್ಲಿ ನೋಡಿ

ಬೆಳಕು ಹಾಯೋ ಹಾಗೆ 0.03 ಮಿಲಿಮೀಟರ್ ದಪ್ಪಕ್ಕೆ ಉಜ್ಜಿದ ಕಲ್ಲಿನ ಸೆಕ್ಷನ್ ಸಾಕು. ಹಾರ್ನ್‌ಬ್ಲೆಂಡ್ ಮತ್ತೆ ಟೈಟನೈಟ್ ಕಂಡ್ರೆ ಐ-ಟೈಪ್ ಅಂತ ಪೆನ್ಸಿಲಲ್ಲಿ ಬರ್ಕೊಳ್ಳಿ. ಕಾರ್ಡಿಯರೈಟ್, ಗಾರ್ನೆಟ್, ಮ್ಯಾಗ್ಮಾದಲ್ಲೇ ಬೆಳೆದ ಮಸ್ಕೋವೈಟ್, ಆಂಡಲುಸೈಟ್, ಇವು ಕಂಡ್ರೆ ಎಸ್. ಪೂರ್ತಿ ಪರ್ಥೈಟ್ (ಎರಡು ಥರದ ಫೆಲ್ಡ್‌ಸ್ಪಾರ್ ಎಳೆಎಳೆಯಾಗಿ ಹೆಣೆದುಕೊಂಡಿರೋದು), ಕಬ್ಬಿಣ ತುಂಬಿದ ಬಯೋಟೈಟ್, ನೀಲಿ ಛಾಯೆಯ ರೀಬೆಕೈಟ್ ಅಥವಾ ಆರ್ಫ್‌ವೆಡ್ಸೊನೈಟ್, ಈಜಿರಿನ್, ಜೊತೇಗೆ ಫ್ಲೋರೈಟ್ ಅಂದ್ರೆ ಎ ಕಡೆ. ಪೆನ್ಸಿಲ್ ಅಂದಿದ್ದು ಬೇಕಂತಲೇ, ಯಾಕಂದ್ರೆ ಬರೀ ಬಯೋಟೈಟ್ ಇರೋ ಗ್ರಾನೈಟ್ ಇವುಗಳಲ್ಲಿ ಯಾವುದಾದ್ರೂ ಆಗ್ಬಹುದು, ಮತ್ತೆ ಸಣ್ಣ ಸಣ್ಣ ಮಸ್ಕೋವೈಟ್ ಆಮೇಲೆ ಬಿಸಿನೀರಿನ ಚಟುವಟಿಕೇಲೂ ಬೆಳೆಯತ್ತೆ, ಫೆಲ್ಡ್‌ಸ್ಪಾರ್ ತಿಂದು ಬೆಳೆದಿದ್ರೆ ಅದನ್ನ ಲೆಕ್ಕಕ್ಕೆ ಹಿಡೀಬೇಡಿ.

ಪ್ಲೇಜಿಯೋಕ್ಲೇಸ್ ಸ್ವಚ್ಛವಾಗಿದೆಯಾ, ಮಬ್ಬುಮಬ್ಬಾಗಿದೆಯಾ ಅಂತ ಪ್ರತಿ ಸ್ಲೈಡಿಗೂ ಬರೆದಿಡಿ. ಇದು ಯಾಕೆ ಅಂತ ಹೆಜ್ಜೆ 4ರಲ್ಲಿ ಹೇಳ್ತೀನಿ.

ಹೆಜ್ಜೆ 3: ಸ್ಯಾಂಪಲ್, ಪುಡಿ, ಅನಾಲಿಸಿಸ್

ಅನ್ನ ಬೆಂದಿದ್ಯಾ ಅಂತ ನೋಡೋಕೆ ಒಂದಗುಳು ಸಾಕು, ಗ್ರಾನೈಟಿಗೆ ಸಾಲಲ್ಲ. ಹರಳು 2 ಸೆಂಟಿಮೀಟರ್ ಇರೋ ಕಲ್ಲಿಂದ ಅಂಗೈ ಅಗಲದ ಚೂರು ತಂದ್ರೆ ಅದ್ರಲ್ಲಿ ಎರಡು ಫೆಲ್ಡ್‌ಸ್ಪಾರ್ ಹೆಚ್ಚಿಗೆ ಬಂದ್ರೂ ಪೊಟ್ಯಾಸಿಯಂ ಎದ್ದು ಕೂರತ್ತೆ. ದಪ್ಪ ಹರಳಿನ ಕಲ್ಲಿಗೆ 5ರಿಂದ 10 ಕೆಜಿ, ಪೋರ್ಫಿರಿಟಿಕ್ (ಸಣ್ಣ ಹರಳುಗಳ ನಡುವೆ ದೊಡ್ಡ ಹರಳು ಇರೋದು) ಆದ್ರೆ ಅದಕ್ಕೂ ಜಾಸ್ತಿ ತನ್ನಿ. ಕಂದು ಬಣ್ಣದ ಹೊರಸಿಪ್ಪೆ ಪೂರ್ತಿ ಒಡೆದು ತೆಗೀರಿ, ಸುತ್ತಿಗೆ ಬಿದ್ದ ಗುರುತು ಇರೋ ಮುಖಾನೂ ತೆಗೀರಿ.

ಪುಡಿ ಮಾಡೋ ಪಾತ್ರೆ ಯಾವುದು ಅಂತ ಕೇಳಿ ತಿಳ್ಕೊಳ್ಳಿ. ಸ್ಟೀಲ್ ಆದ್ರೆ ಕಬ್ಬಿಣ ಕ್ರೋಮಿಯಂ ಸೇರತ್ತೆ, ಟಂಗ್‌ಸ್ಟನ್ ಕಾರ್ಬೈಡ್ ಆದ್ರೆ ಟಂಗ್‌ಸ್ಟನ್ ಕೋಬಾಲ್ಟ್ ಜೊತೆ ಟ್ಯಾಂಟಲಂ ಕೂಡ ಸೇರಬಹುದು, ಅಗೇಟ್ ನಿಧಾನ ಆದ್ರೂ ಶುದ್ಧ. ಇನ್ನೂ ದೊಡ್ಡ ಬಲೆ ಒಂದಿದೆ, ತುಂಬಾ ಜನ ಬೀಳ್ತಾರೆ: ಬರೀ ಆಸಿಡ್ಡಲ್ಲಿ ಕರಗಿಸಿ ಐಸಿಪಿ-ಎಂಎಸ್‌ಗೆ (ಅತಿ ಕಮ್ಮಿ ಇರೋ ಧಾತುಗಳನ್ನ ಅಳೆಯೋ ಯಂತ್ರ) ಕೊಟ್ರೆ ಜಿರ್ಕಾನ್ ಅನ್ನೋ ಗಟ್ಟಿ ಖನಿಜದ ಸಣ್ಣ ಹರಳು ಕರಗದೇ ತಳದಲ್ಲಿ ಉಳಿಯತ್ತೆ, ರಿಪೋರ್ಟಲ್ಲಿ ಜಿರ್ಕೋನಿಯಂ, ಹಾಫ್ನಿಯಂ, ಭಾರದ ರೇರ್ ಅರ್ತ್‌ಗಳೆಲ್ಲ (ಲ್ಯಾಂಥನಂನಿಂದ ಲುಟೀಷಿಯಂವರೆಗಿನ ಧಾತುಗಳಲ್ಲಿ ಕೊನೆಯವು) ಸುಳ್ಳುಸುಳ್ಳೇ ಕಮ್ಮಿ ಬರತ್ತೆ, ಎ-ಟೈಪ್ ಗ್ರಾನೈಟ್ ಎ-ಟೈಪಾಗೇ ಕಾಣಲ್ಲ. ಲಿಥಿಯಂ ಬೋರೇಟ್ ಜೊತೆ ಕರಗಿಸೋ ಫ್ಯೂಶನ್ ವಿಧಾನ ಕೇಳಿ. ಕಲ್ಲಲ್ಲಿ ಹೆಚ್ಚಿರೋ ಮೇಜರ್ ಆಕ್ಸೈಡ್‌ಗಳಿಗೆ ಗಾಜಿನ ಬಿಲ್ಲೆ ಮಾಡಿ ಎಕ್ಸ್‌ಆರ್‌ಎಫ್ (ಎಕ್ಸ್-ರೇ ಹಾಯಿಸಿ ಅಳೆಯೋ ವಿಧಾನ) ಸಾಕು. ನಿಮ್ಮ ಸ್ಯಾಂಪಲ್ ಜೊತೆ ಜಿ-2 ಥರದ ಗ್ರಾನೈಟ್ ಸ್ಟಾಂಡರ್ಡನ್ನೂ ಓಡಿಸಿದ್ದಾರಾ ನೋಡಿ, ಅದರ ಬೆಲೆಗಳು ಗೊತ್ತಿರೋವು, ಅಲ್ಲಿ ತಪ್ಪಿದ್ರೆ ನಿಮ್ಮಲ್ಲೂ ತಪ್ಪಿರತ್ತೆ.

ಹೆಜ್ಜೆ 4: ಅಲ್ಯೂಮಿನಾ ಲೆಕ್ಕ

ಇದೇ ಈ ಕೆಲಸದ ಹೃದಯ, ಕೈಯಲ್ಲೇ ಮಾಡಿ. ಅಲ್ಯೂಮಿನಾ, ಕ್ಯಾಲ್ಸಿಯಂ ಆಕ್ಸೈಡ್, ಸೋಡಿಯಂ ಆಕ್ಸೈಡ್, ಪೊಟ್ಯಾಸಿಯಂ ಆಕ್ಸೈಡ್ ಈ ನಾಲ್ಕರ ತೂಕದ ಶೇಕಡಾವನ್ನ ಅವುಗಳ ಅಣುತೂಕದಿಂದ ಭಾಗಿಸಿ, ಕ್ರಮವಾಗಿ 101.96, 56.08, 61.98, 94.20. ಬಂದ ಅಲ್ಯೂಮಿನಾ ಸಂಖ್ಯೇನ ಉಳಿದ ಮೂರರ ಮೊತ್ತದಿಂದ ಭಾಗಿಸಿದ್ರೆ ಸಿಗೋದು ಎ/ಸಿಎನ್‌ಕೆ. ಫೆಲ್ಡ್‌ಸ್ಪಾರಲ್ಲಿ ಈ ಅನುಪಾತ ಸರಿಯಾಗಿ 1. ಅದಕ್ಕಿಂತ ಜಾಸ್ತಿ ಬಂದ್ರೆ ಫೆಲ್ಡ್‌ಸ್ಪಾರ್ ಕಟ್ಟಿ ಮುಗಿದ ಮೇಲೂ ಅಲ್ಯೂಮಿನಾ ಮಿಕ್ಕಿದೆ ಅಂತ, ಆ ಮಿಕ್ಕಿದ್ದೇ ಮಸ್ಕೋವೈಟ್, ಗಾರ್ನೆಟ್, ಕಾರ್ಡಿಯರೈಟ್ ಆಗತ್ತೆ, ಅದನ್ನ ಪರ್ಅಲ್ಯೂಮಿನಸ್ ಅಂತಾರೆ. 1ಕ್ಕಿಂತ ಕಮ್ಮಿ ಆದ್ರೆ ಮೆಟಾಲ್ಯೂಮಿನಸ್, ಮಿಕ್ಕ ಕ್ಯಾಲ್ಸಿಯಂ ಹಾರ್ನ್‌ಬ್ಲೆಂಡಿಗೆ ಹೋಗತ್ತೆ. ಸೋಡಿಯಂ ಪೊಟ್ಯಾಸಿಯಂ ಎರಡೇ ಸೇರಿ ಅಲ್ಯೂಮಿನಾನ ಮೀರಿಸಿದ್ರೆ ಪರ್ಆಲ್ಕಲೈನ್, ರೀಬೆಕೈಟ್ ಬರೋದು ಆಗ. ಲಾಕ್ಲನ್ನಲ್ಲಿ 1.1ನ್ನ ಐ ಮತ್ತೆ ಎಸ್ ನಡುವಿನ ಗೆರೆ ಅಂತ ಇಟ್ಕೊಂಡಿದ್ರು.

ನಾನು ಎಡವಿದ್ದು ಇಲ್ಲೇ, ಅದಕ್ಕೇ ಬಿಡಿಸಿ ಹೇಳ್ತೀನಿ. ಒಂದು ಗ್ರಾನೈಟ್ ದೇಹದಿಂದ ತಂದ ಸ್ಯಾಂಪಲ್ಲಲ್ಲಿ ಅಲ್ಯೂಮಿನಾ 15.0, ಕ್ಯಾಲ್ಸಿಯಂ ಆಕ್ಸೈಡ್ 1.5, ಸೋಡಿಯಂ ಆಕ್ಸೈಡ್ 2.9, ಪೊಟ್ಯಾಸಿಯಂ ಆಕ್ಸೈಡ್ 3.8 ಬಂದಿತ್ತು. ಭಾಗಿಸಿದ್ರೆ 0.1471, ಕೆಳಗೆ 0.0267, 0.0468, 0.0403, ಮೊತ್ತ 0.1138, ಉತ್ತರ 1.29. ಖುಷಿಯಾಗಿ ಎಸ್-ಟೈಪ್ ಅಂತ ಬರೆದುಬಿಟ್ಟೆ, ಸೋಡಿಯಂ ಕೂಡ ಕಮ್ಮಿ ಇದೆ, ಇನ್ನೇನು ಬೇಕು ಅಂತ. ಆಮೇಲೆ ಸೆಕ್ಷನ್ ನೋಡಿದ್ರೆ ಒಂದು ಕಾರ್ಡಿಯರೈಟ್ ಇಲ್ಲ, ಗಾರ್ನೆಟ್ ಇಲ್ಲ, ಬದ್ಲಿಗೆ ಹಾರ್ನ್‌ಬ್ಲೆಂಡಿನ ಆಕಾರದಲ್ಲಿ ಹಸಿರು ಕ್ಲೋರೈಟ್, ಪ್ಲೇಜಿಯೋಕ್ಲೇಸಿನ ನಡುಭಾಗ ಎಲ್ಲಾ ಧೂಳು ಕವಿದ ಗಾಜಿನ ಹಾಗೆ ಮಬ್ಬು, ಅಂಚು ಮಾತ್ರ ತಿಳಿಯಾಗಿ ಉಳಿದಿತ್ತು. ರಿಪೋರ್ಟಿನ ಕೊನೇ ಸಾಲಲ್ಲಿ ಕಾಯಿಸಿದಾಗ ಹೋದ ತೂಕ (ಬಹುಪಾಲು ಖನಿಜಗಳಿಗೆ ಸೇರಿದ್ದ ನೀರು) 2.8 ಪರ್ಸೆಂಟ್ ಅಂತ ಇದ್ದಿದ್ದನ್ನ ನಾನು ಓದೇ ಇರ್ಲಿಲ್ಲ. ವಾಪಸ್ ಹೋಗಿ ಅದೇ ಬಂಡೇಲಿ ಒಳಗಿನ ನೀಲಿ-ಬೂದು, ಕೊಳೆಯದ ಹಸೀ ಕಲ್ಲು ತಂದಾಗ ಅದೇ ಕ್ರಮದಲ್ಲಿ ಬಂದಿದ್ದು 14.5, 2.5, 3.5, 3.8. ಲೆಕ್ಕ ಹಾಕಿ: 0.1422 ಮೇಲೆ, 0.0446, 0.0565, 0.0403 ಸೇರಿ 0.1414 ಕೆಳಗೆ, ಉತ್ತರ 1.01. ಅದು ಐ-ಟೈಪ್ ಹಾರ್ನ್‌ಬ್ಲೆಂಡ್ ಬಯೋಟೈಟ್ ಗ್ರಾನೈಟ್.

ಯಾಕೆ ಹೀಗಾಯ್ತು ನೋಡಿ. ಎಸ್-ಟೈಪಿನ ಗುರುತು ಅಂತ ನಾವು ಹುಡುಕೋದೇ ಮಣ್ಣಾಗುವಾಗ ಕ್ಯಾಲ್ಸಿಯಂ ಸೋಡಿಯಂ ತೊಳೆದುಹೋದ ಗುರುತನ್ನ, ಕೋಟ್ಯಂತರ ವರ್ಷದ ಹಿಂದೆ, ಗ್ರಾನೈಟ್ ಹುಟ್ಟೋ ಮುಂಚೆ ಅದರ ತಾಯಿಗೆ ಆಗಿದ್ದನ್ನ. ಆದ್ರೆ ಮೊನ್ನೆ ಮೊನ್ನೆ ಮಳೇಲಿ ಕೊಳೆತ ಮಗಳಿಗೂ ಅದೇ ಗುರುತು ಬೀಳತ್ತೆ. ತೊಳೆದಿದ್ದು ಯಾವತ್ತಿನ ಮಳೆ ಅಂತ ಎ/ಸಿಎನ್‌ಕೆ ಹೇಳಲ್ಲ, ಪ್ಲೇಜಿಯೋಕ್ಲೇಸ್ ಹೇಳತ್ತೆ. ಹಾಗಾಗಿ ಕಾಯಿಸಿದಾಗ ಹೋಗೋ ತೂಕ 2 ಪರ್ಸೆಂಟ್ ಹತ್ರ ಬಂದ್ರೆ ಆ ಸ್ಯಾಂಪಲ್ಲನ್ನ ಅನುಮಾನದಿಂದ್ಲೇ ನೋಡಿ, ಮಬ್ಬು ಪ್ಲೇಜಿಯೋಕ್ಲೇಸ್ ಇರೋದನ್ನ ಈ ಲೆಕ್ಕಕ್ಕೆ ತರ್ಲೇಬೇಡಿ.

ಹೆಜ್ಜೆ 5: ಒಂದು ಚುಕ್ಕಿ ಬೇಡ, ಸಾಲು ನೋಡಿ

ಸಿಲಿಕಾ (ಸಿಲಿಕಾನ್ ಆಕ್ಸೈಡ್) 73 74 ಪರ್ಸೆಂಟ್ ದಾಟಿದ್ಮೇಲೆ ಐ ಮತ್ತೆ ಎಸ್ ಎರಡೂ ಅದೇ ಟಟ್ಲ್ ಬೋವೆನ್ ಮಿಶ್ರಣದ ಹತ್ರ ಬಂದು ಸೇರ್ಕೊಳ್ತವೆ, ಎ/ಸಿಎನ್‌ಕೆ ಎರಡಕ್ಕೂ 1.0ರಿಂದ 1.1ರೊಳಗೆ ಬರಬಹುದು, ಒಂಟಿ ಸ್ಯಾಂಪಲ್ ಇಟ್ಕೊಂಡು ಬೇರೆ ಮಾಡೋಕಾಗಲ್ಲ. ಒಂದೇ ದೇಹದಿಂದ 10 15 ಸ್ಯಾಂಪಲ್ ಮಾಡಿಸಿ, ಸಿಲಿಕಾ ಎದುರಿಗೆ ರಂಜಕದ ಆಕ್ಸೈಡ್ ಹಾಕಿ. ಐ-ಟೈಪಲ್ಲಿ ಸಿಲಿಕಾ ಏರಿದ ಹಾಗೆ ರಂಜಕ ಇಳಿಯತ್ತೆ, ಯಾಕಂದ್ರೆ ಅಪಟೈಟ್ ಅನ್ನೋ ರಂಜಕದ ಖನಿಜ ಬೇಗ ಹರಳುಗಟ್ಟಿ ಹೊರಗೆ ಹೋಗಿಬಿಡತ್ತೆ. ಎಸ್-ಟೈಪಿನ ಅಲ್ಯೂಮಿನಾ ಹೆಚ್ಚಿರೋ ದ್ರವದಲ್ಲಿ ಅಪಟೈಟ್ ಚೆನ್ನಾಗಿ ಕರಗತ್ತೆ, ಹಾಗಾಗಿ ರಂಜಕ ಅಷ್ಟಕ್ಕಷ್ಟೇ ಇರತ್ತೆ ಇಲ್ಲಾ ಏರತ್ತೆ. ಎಲ್ಲಾ ಪರೀಕ್ಷೆಗಳಲ್ಲಿ ನನಗೆ ತುಂಬಾ ಇಷ್ಟ ಆಗೋದು ಇದೇ, ಖರ್ಚಿಲ್ಲದ್ದು, ಹೆಸರಿಗೆ ಅಲ್ಲದೆ ಕಾರಣಕ್ಕೆ ಕಟ್ಟುಬಿದ್ದಿರೋದು.

ಮತ್ತೆ ಒಂದು ಎಚ್ಚರ. ನೀವು ಅನಾಲಿಸಿಸ್ ಮಾಡಿಸಿದ್ದು ಕಲ್ಲನ್ನ, ದ್ರವವನ್ನಲ್ಲ. ದೊಡ್ಡ ಫೆಲ್ಡ್‌ಸ್ಪಾರುಗಳು ಒಂದು ಕಡೆ ರಾಶಿ ಬಿದ್ದಿರೋ ಜಾಗದ ಸ್ಯಾಂಪಲ್ ಯಾವತ್ತೂ ಯಾವ ದ್ರವಕ್ಕೂ ಸಮ ಆಗಿರ್ಲಿಲ್ಲ.

ಹೆಜ್ಜೆ 6: ಎ-ಟೈಪ್ ಹೌದಾ ಅಂತ ನೋಡೋದು

1987ರಲ್ಲಿ ವೇಲನ್, ಕರಿ, ಚಾಪೆಲ್ ಕೊಟ್ಟ ಗಡಿಗಳು ಇವು: ಗ್ಯಾಲಿಯಂನ ಅಲ್ಯೂಮಿನಿಯಂನಿಂದ ಭಾಗಿಸಿ 10,000ದಿಂದ ಗುಣಿಸಿದ್ರೆ 2.6ಕ್ಕಿಂತ ಜಾಸ್ತಿ, ಮತ್ತೆ ಜಿರ್ಕೋನಿಯಂ ನಿಯೋಬಿಯಂ ಸೀರಿಯಂ ಇಟ್ರಿಯಂ ನಾಲ್ಕೂ ಸೇರಿ 350 ಪಿಪಿಎಂ (ಹತ್ತು ಲಕ್ಷದಲ್ಲಿ ಇಷ್ಟು ಪಾಲು) ದಾಟಿದ್ರೆ ಎ-ಟೈಪ್ ಕಡೆ. ಅಲ್ಯೂಮಿನಾ 14.5 ಪರ್ಸೆಂಟ್ ಅಂದ್ರೆ ಅಲ್ಯೂಮಿನಿಯಂ ಸುಮಾರು 76,700 ಪಿಪಿಎಂ, ಗ್ಯಾಲಿಯಂ 17 ಇದ್ರೆ 2.2 ಬರತ್ತೆ, 25 ಇದ್ರೆ 3.3. ಅಲ್ಯೂಮಿನಾವನ್ನ ಹಾಗೇ ಹಾಕಿ ತಪ್ಪು ಉತ್ತರ ತೆಗೆಯೋರು ಬಹಳ ಜನ, 0.529ರಿಂದ ಗುಣಿಸಿ ಧಾತು ಮಾಡ್ಕೊಳ್ಳೋದು ಮರೀಬೇಡಿ. ಇನ್ನೊಂದು ತೊಡಕು ಅಂದ್ರೆ, ತುಂಬಾ ಬೇರ್ಪಟ್ಟ, ಅಂದ್ರೆ ಹರಳುಗಳು ಒಂದೊಂದಾಗಿ ಹೊರಗೆ ಹೋಗಿ ಉಳಿದ ದ್ರವದಿಂದ ಆದ, ಐ ಮತ್ತೆ ಎಸ್ ಗ್ರಾನೈಟಲ್ಲೂ ಗ್ಯಾಲಿಯಂ ಅನುಪಾತ ಏರತ್ತೆ. ಆಗ ಜಿರ್ಕೋನಿಯಂ ನೋಡಿ, ಅಸಲಿ ಎ-ಟೈಪ್ ಬಿಸಿಯಾಗಿತ್ತು, ಜಿರ್ಕಾನ್ ಕರಗಿಸಿ ಇಟ್ಕೊಂಡಿತ್ತು, 250 ಪಿಪಿಎಂಗಿಂತ ಜಾಸ್ತಿ ಇರೋದು ಸಾಮಾನ್ಯ. ಬೇರ್ಪಟ್ಟು ಬೇರ್ಪಟ್ಟು ಕೊನೇಗೆ ಉಳಿದ ದ್ರವದಲ್ಲಿ ಜಿರ್ಕೋನಿಯಂ ಕುಸಿದಿರತ್ತೆ, ರುಬಿಡಿಯಂ ಏರಿರತ್ತೆ. ಆಫ್ರಿಕಾದ ನೈಜೀರಿಯಾದಲ್ಲಿ ಜೋಸ್ ಸುತ್ತಲಿನ ಉಂಗುರಾಕಾರದ ಗ್ರಾನೈಟುಗಳನ್ನ ಓದಿದ್ರೆ ಎ-ಟೈಪಿನ ಪರ್ಆಲ್ಕಲೈನ್ ಮುಖ ಚೆನ್ನಾಗಿ ಅರ್ಥ ಆಗತ್ತೆ.

ಐ, ಎಸ್, ಎ ಅಕ್ಷರಗಳ ಜಗಳವೇ ಬೇಡ ಅನ್ನೋರಿಗೆ 2001ರಲ್ಲಿ ಫ್ರಾಸ್ಟ್ ಮತ್ತೆ ಜೊತೆಗಾರರು ಮೂಲದ ಮಾತೇ ಎತ್ತದ ವರ್ಗೀಕರಣ ಕೊಟ್ರು. ಕಬ್ಬಿಣ ಮತ್ತೆ ಮೆಗ್ನೀಸಿಯಂ ಅನುಪಾತ, ಸೋಡಿಯಂ ಪೊಟ್ಯಾಸಿಯಂ ಕೂಡಿಸಿ ಕ್ಯಾಲ್ಸಿಯಂ ಕಳೆದ ಸಂಖ್ಯೆ, ಅಲ್ಯೂಮಿನಾ ಸೂಚಿ, ಮೂರೇ. ನನ್ನ ಹಸೀ ಸ್ಯಾಂಪಲ್ಲಲ್ಲಿ ಸಿಲಿಕಾ 70, ಎರಡನೇ ಸಂಖ್ಯೆ 3.5 ಕೂಡಿಸು 3.8 ಕಳೆ 2.5, ಅಂದ್ರೆ 4.8. ಸಿಲಿಕಾ 70ರಲ್ಲಿ ಗಡಿಗಳು ಸುಮಾರು 4, 6, 8ರಲ್ಲಿವೆ, ಹಾಗಾಗಿ ಇದು 4 ಮತ್ತೆ 6ರ ನಡುವಿನ ಖಾನೆ, ಅದರ ಹೆಸರು ಕ್ಯಾಲ್ಕ್-ಆಲ್ಕಲಿಕ್. ನಾನು ಈಗ ಮೊದ್ಲು ಇದನ್ನ ಬರೀತೀನಿ, ಅಕ್ಷರ ಆಮೇಲೆ.

ಹೆಜ್ಜೆ 7: ರೇರ್ ಅರ್ತ್ ಗೆರೇಲಿ ಆಳ ಓದೋದು

ರೇರ್ ಅರ್ತ್ ಧಾತುಗಳನ್ನ ಕಾಂಡ್ರೈಟ್ ಉಲ್ಕೆಯ ಬೆಲೆಗಳಿಂದ ಭಾಗಿಸಿ ಗೆರೆ ಎಳೀರಿ. ಎರಡೇ ಪ್ರಶ್ನೆ ಕೇಳಿ. ಯುರೋಪಿಯಂ ಹತ್ರ ಗುಂಡಿ ಇದ್ಯಾ? ಯುರೋಪಿಯಂ ಮಾತ್ರ ಎರಡು ಚಾರ್ಜಿನ ರೂಪದಲ್ಲಿ ಕ್ಯಾಲ್ಸಿಯಂ ಜಾಗಕ್ಕೆ ಹೋಗಿ ಪ್ಲೇಜಿಯೋಕ್ಲೇಸಲ್ಲಿ ಕೂರತ್ತೆ, ಹಾಗಾಗಿ ಗುಂಡಿ ಅಂದ್ರೆ ಪ್ಲೇಜಿಯೋಕ್ಲೇಸ್ ಹಿಂದೆ ಉಳಿದಿದೆ ಅಂತ, ಒಂದೋ ಕರಗದೇ ಮೂಲದಲ್ಲೇ ಉಳಿದಿದೆ, ಇಲ್ಲಾ ಹರಳಾಗಿ ಬೇರ್ಪಟ್ಟಿದೆ. ಗೆರೆಯ ಬಲತುದಿ, ಭಾರದ ರೇರ್ ಅರ್ತ್ ಕಡೆ, ತೀರಾ ಕೆಳಗೆ ಬಿದ್ದಿದ್ಯಾ? ಹಾಗಿದ್ರೆ ಅವನ್ನ ಹಿಡಿದಿಟ್ಕೊಂಡಿದ್ದು ಗಾರ್ನೆಟ್, ಅಂದ್ರೆ ಕರಗಿದ್ದು ತುಂಬಾ ಒತ್ತಡದಲ್ಲಿ, ಪ್ಲೇಜಿಯೋಕ್ಲೇಸ್ ಬಾಳದಷ್ಟು ಆಳದಲ್ಲಿ.

250 ಕೋಟಿ ವರ್ಷಕ್ಕಿಂತ ಹಳೇ ಭೂಖಂಡದ ತಿರುಳೆಲ್ಲ ಬಹುಪಾಲು ಟೋನಲೈಟ್, ಟ್ರಾಂಡ್ಯೆಮೈಟ್ (ತಿಳಿ ಬಣ್ಣದ ಟೋನಲೈಟ್), ಗ್ರಾನೋಡಯೋರೈಟ್, ಮೂರನ್ನೂ ಸೇರಿಸಿ ಟಿಟಿಜಿ ಅಂತಾರೆ. ಅವುಗಳಲ್ಲಿ ಸೋಡಿಯಂ ಜಾಸ್ತಿ ಪೊಟ್ಯಾಸಿಯಂ ಕಮ್ಮಿ, ಸ್ಟ್ರಾನ್ಷಿಯಂ ಜಾಸ್ತಿ ಇಟ್ರಿಯಂ ಕಮ್ಮಿ, ಬಲತುದಿ ಕುಸಿದಿದೆ, ಯುರೋಪಿಯಂ ಗುಂಡಿ ಹೆಚ್ಚುಕಮ್ಮಿ ಇಲ್ಲ. ನೀರು ಕುಡಿದ ಬಸಾಲ್ಟ್ ಗಾರ್ನೆಟನ್ನ ಹಿಂದೆ ಉಳಿಸಿ ಕರಗಿದ್ರೆ ಬರೋ ಗುರುತೇ ಇದು. ಆಗಿನ ಭೂಮಿ ಈಗಿನದಕ್ಕಿಂತ ಬಿಸಿಯಾಗಿತ್ತು ಅನ್ನೋದು ಈ ಗೆರೇಲಿ ಕಣ್ಣಿಗೆ ಕಾಣತ್ತೆ, ನನಗಂತೂ ಪ್ರತಿ ಸಲ ನೋಡಿದಾಗ್ಲೂ ಮೈ ಜುಂ ಅನ್ನತ್ತೆ.

ಹೆಜ್ಜೆ 8: ಐಸೊಟೋಪ್, ಜಿರ್ಕಾನ್

ಐಸೊಟೋಪ್ ಅಂದ್ರೆ ಒಂದೇ ಧಾತುವಿನ ಬೇರೆ ಬೇರೆ ತೂಕದ ಪರಮಾಣುಗಳು. ದುಡ್ಡಿರೋ ತನಕ ಮಾಡಿಸಿ, ಇಲ್ಲಿ ಸಿಗೋ ಉತ್ತರ ಬೇರೆಲ್ಲೂ ಸಿಗಲ್ಲ. ರುಬಿಡಿಯಂ-87 ನಿಧಾನವಾಗಿ ಸ್ಟ್ರಾನ್ಷಿಯಂ-87 ಆಗತ್ತೆ, ಅರ್ಧಾಯುಷ್ಯ ಸುಮಾರು 4,960 ಕೋಟಿ ವರ್ಷ. ರುಬಿಡಿಯಂ ಮಣ್ಣಿಗೆ, ಕಾಗೆಬಂಗಾರಕ್ಕೆ ಅಂಟ್ಕೊಳ್ಳೋ ಧಾತು, ಆದ್ದರಿಂದ ಹಳೇ ಮಣ್ಣಿನ ಮೂಲದ ಗ್ರಾನೈಟಲ್ಲಿ ಶುರುವಿನ ಸ್ಟ್ರಾನ್ಷಿಯಂ ಅನುಪಾತ (87ನ್ನ 86ರಿಂದ ಭಾಗಿಸಿದ್ದು) ಜಾಸ್ತಿ. ಲಾಕ್ಲನ್ನಿನ ಮೊದಲ ಕೆಲಸದಲ್ಲಿ ಐಗೆ 0.704ರಿಂದ 0.706, ಎಸ್‌ಗೆ 0.708ಕ್ಕಿಂತ ಮೇಲೆ ಅಂತಿತ್ತು. ವಯಸ್ಸಿಗೆ ತಕ್ಕ ಹಾಗೆ ಹಿಂದಕ್ಕೆ ಲೆಕ್ಕ ಹಾಕಿದಾಗ ಉತ್ತರ 0.699ಕ್ಕಿಂತ ಕೆಳಗೆ ಬಂದ್ರೆ ಅದು ಅಸಾಧ್ಯ, ಸೌರಮಂಡಲವೇ ಶುರುವಾಗಿದ್ದು ಆ ಬೆಲೇಲಿ, ಅಂಥ ಸ್ಯಾಂಪಲ್ಲಲ್ಲಿ ಆಮೇಲೆ ರುಬಿಡಿಯಂ ಓಡಾಡಿದೆ ಅಂತ ತಿಳ್ಕೊಂಡು ಬಿಟ್ಟಾಕಿ. ಆಕ್ಸಿಜನ್ನೂ ಇದೇ ಕಥೆ ಹೇಳತ್ತೆ: ತಂಪು ನೀರಲ್ಲಿ ಹುಟ್ಟೋ ಜೇಡಿಗೆ ಭಾರದ ಆಕ್ಸಿಜನ್-18 ಜಾಸ್ತಿ ಸೇರತ್ತೆ, ಎಸ್-ಟೈಪ್ ಕಲ್ಲಿನ ಡೆಲ್ಟಾ ಬೆಲೆ (ಸಮುದ್ರದ ನೀರಿಗೆ ಹೋಲಿಸಿದಾಗ ಆಕ್ಸಿಜನ್-18 ಸಾವಿರಕ್ಕೆ ಎಷ್ಟು ಹೆಚ್ಚು ಅನ್ನೋದು) 10 ಪರ್ಮಿಲ್‌ಗಿಂತ ಮೇಲಿರೋದು ಸಾಮಾನ್ಯ, ಮ್ಯಾಂಟಲ್ ಮೂಲದ ಜಿರ್ಕಾನಲ್ಲಿ 5.3 ಆಸುಪಾಸು.

ಆದ್ರೆ ಇಲ್ಲೇ ಐ ಮತ್ತೆ ಎಸ್ ಅನ್ನೋ ಗೆರೆ ಮಸುಕಾಗಿದ್ದು. 2007ರಲ್ಲಿ ಕೆಂಪ್ ಮತ್ತೆ ಜೊತೆಗಾರರು ಲಾಕ್ಲನ್ನಿನದ್ದೇ ಹಾರ್ನ್‌ಬ್ಲೆಂಡ್ ಇರೋ ಐ-ಟೈಪ್ ಗ್ರಾನೈಟುಗಳ ಜಿರ್ಕಾನಲ್ಲಿ ಹಾಫ್ನಿಯಂ, ಆಕ್ಸಿಜನ್ ಒಟ್ಟಿಗೆ ಅಳೆದ್ರು. ಮ್ಯಾಂಟಲಿಂದ ಬಂದ ಮ್ಯಾಗ್ಮಾ ಮಣ್ಣಿನ ಮೂಲದ ಕಲ್ಲನ್ನ ಒಳಗೆ ಸೇರಿಸ್ಕೊಂಡ ಗುರುತು ಅಲ್ಲಿತ್ತು. ಅಂದ್ರೆ ಆ ಮಗಳಿಗೆ ಒಬ್ಬಳೇ ತಾಯಿ ಅಲ್ಲ. ಹಾಗಂತ ಅಕ್ಷರಗಳು ಕೆಲಸಕ್ಕೆ ಬಾರದವು ಅಂತ ನನಗನ್ಸಲ್ಲ, ಹಿಮಾಲಯದ ಮನಾಸ್ಲು ಥರದ ಬಿಳೀ ಗ್ರಾನೈಟ್, ಸುಮಾರು 2 ಕೋಟಿ ವರ್ಷದ ಹಿಂದೆ ಮಣ್ಣಿನ ಮೂಲದ ಪದರಶಿಲೆ ಕರಗಿ ಆಗಿದ್ದು, ಅದನ್ನ ಎಸ್ ಅನ್ನೋಕೆ ಯಾವ ಅಳುಕೂ ಬೇಡ.

ಹೆಜ್ಜೆ 9: ಪ್ಲೇಟ್ ಡಯಾಗ್ರಾಂ, ಈಗ ತೆಗೀರಿ

1984ರ ಪಿಯರ್ಸ್, ಹ್ಯಾರಿಸ್, ಟಿಂಡ್ಲ್ ಡಯಾಗ್ರಾಂ, ರುಬಿಡಿಯಂ ಎದುರು ಇಟ್ರಿಯಂ ಕೂಡಿಸು ನಿಯೋಬಿಯಂ, ಎಲ್ಲರೂ ಬಳಸ್ತಾರೆ. ಬಳಸಿ, ಆದ್ರೆ ಅದು ಓದೋದು ಮೂಲದ ಕಲ್ಲನ್ನ. ದ್ವೀಪಗಳ ಜ್ವಾಲಾಮುಖಿ ಸಾಲಲ್ಲಿ ಹುಟ್ಟಿದ ಹಳೇ ಕಲ್ಲು ನೂರಾರು ಕೋಟಿ ವರ್ಷ ಆದ್ಮೇಲೆ ಖಂಡದ ನಡುವೆ ಕರಗಿದ್ರೂ ಚುಕ್ಕಿ ಜ್ವಾಲಾಮುಖಿ ಸಾಲಿನ ಖಾನೇಲೇ ಬೀಳತ್ತೆ. ಡಿಕ್ಕಿ ಮುಗಿದ ಮೇಲೆ ಬಂದ ಗ್ರಾನೈಟುಗಳಂತೂ ಎಲ್ಲಾ ಖಾನೇಲೂ ಚೆಲ್ಲಾಪಿಲ್ಲಿ. ಸುತ್ತಲಿನ ಕಲ್ಲಿನ ವಯಸ್ಸು, ಮಡಿಕೆ, ರೂಪಾಂತರ ಗೊತ್ತಿಲ್ದೆ ಈ ಡಯಾಗ್ರಾಂ ಮೇಲೆ ಮಾತಾಡ್ಬೇಡಿ.

ಹೆಜ್ಜೆ 10: ಬರೆಯೋದು

ಮೊದಲ ಸಾಲಲ್ಲಿ ಖನಿಜದ ಹೆಸರು, ಎರಡನೇದ್ರಲ್ಲಿ ರಸಾಯನ, ಮೂರನೇದ್ರಲ್ಲಿ ಮೂಲ, ಅದಕ್ಕೆ ಯಾವ ಸಾಕ್ಷಿ ಅಂತ ಪಕ್ಕದಲ್ಲಿ. ನನ್ನ ಆ ಸ್ಯಾಂಪಲ್ಲಿಗೆ ಈಗ ಬರೆದಿರೋದು ಹೀಗೆ: ಹಾರ್ನ್‌ಬ್ಲೆಂಡ್ ಬಯೋಟೈಟ್ ಗ್ರಾನೈಟ್, ಕ್ಯಾಲ್ಕ್-ಆಲ್ಕಲಿಕ್, ಎ/ಸಿಎನ್‌ಕೆ 1.01, ಸಿಲಿಕಾ ಏರಿದಂತೆ ರಂಜಕ ಇಳಿಕೆ. ಮೂಲ ಬಹುಪಾಲು ಅಗ್ನಿಶಿಲೆ, ಕಪ್ಪು ಉಂಡೆಗಳ ಸಾಕ್ಷಿ ಪ್ರಕಾರ ಬಸಾಲ್ಟ್ ಥರದ ಮ್ಯಾಗ್ಮಾ ಕೂಡ ಸೇರಿದೆ. ಪಕ್ಕದಲ್ಲಿ ಹಳೇ ಸ್ಯಾಂಪಲ್ಲಿನ 1.29ನ್ನೂ ಅಳಿಸದೇ ಉಳಿಸಿದೀನಿ, ಎದುರಿಗೆ ಮಬ್ಬು ಪ್ಲೇಜಿಯೋಕ್ಲೇಸ್ ಅಂತ ಬರೆದು. ಜಿರ್ಕಾನ್ ಇನ್ನೂ ಆಗ್ಬೇಕು, ಹರಳಿನ ನಡುವೆ ಹಳೇ ತಿರುಳುಗಳು ಕಾಣ್ತಿವೆ, ಅವುಗಳ ವಯಸ್ಸು ಆಕ್ಸಿಜನ್ ಬಂದ್ಮೇಲೆ ಮೂರನೇ ಸಾಲು ಬದಲಾಗ್ಬಹುದು, ಅಲ್ಲೀವರೆಗೂ ಅದು ಪೆನ್ಸಿಲಲ್ಲೇ ಇರತ್ತೆ.